ಕುಡಿದ ಮರುದಿನಕ್ಕೆ ಅಮೈನೊ ಆಮ್ಲ: ಲೆಕ್ಕ ಏನು ಹೇಳುತ್ತದೆ?

ಕೊಳ್ಳೇಗಾಲ ಎಂದೊಡನೆ ರೇಷ್ಮೆಯ ನೆನಪಾಗುತ್ತದೆ. ಪಕ್ಕದ ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿಯೂ ನೂಲು ಬಿಚ್ಚಾಣಿಕೆ ಹಳೆಯ ಕಸುಬು. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದರೆ ಮಾದಪ್ಪನಿಗೆ ಮುಡಿ ಕೊಡಲು ನಿಂತ ಭಕ್ತರನ್ನು ಕಾಣಬಹುದು. ರೇಷ್ಮೆಯ ಎಳೆ ಮತ್ತು ತಲೆಗೂದಲು ಎರಡೂ ಪ್ರೋಟೀನುಗಳೇ. ಅಮೈನೊ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರಗಳು ಅವು. ಆದರೆ ಮಣಿಗಳ ಆಯ್ಕೆಯಲ್ಲಿ ಎರಡಕ್ಕೂ ಬಹಳ ವ್ಯತ್ಯಾಸವಿದೆ.

ರೇಷ್ಮೆಯ ಮುಖ್ಯ ಪ್ರೋಟೀನಾದ ಫೈಬ್ರಾಯಿನ್‌ನಲ್ಲಿ ಗ್ಲೈಸೀನ್, ಅಲನೀನ್, ಸೆರೀನ್ ಎಂಬ ಮೂರೇ ಅಮೈನೊ ಆಮ್ಲಗಳು ಮುಕ್ಕಾಲು ಪಾಲಿಗಿಂತ ಹೆಚ್ಚು ಜಾಗವನ್ನು ಹಿಡಿದಿವೆ. ಗಂಧಕವಿರುವ ಸಿಸ್ಟೀನ್ ಅದರಲ್ಲಿ ಇಲ್ಲವೆಂಬಷ್ಟು ಕಡಿಮೆ. ಕೂದಲಿನ ಕೆರಾಟಿನ್ ಇದಕ್ಕೆ ತದ್ವಿರುದ್ಧ. ಅದರ ಅಮೈನೊ ಆಮ್ಲಗಳಲ್ಲಿ ಶೇ. 10ಕ್ಕೂ ಹೆಚ್ಚು ಸಿಸ್ಟೀನ್. ಕೂದಲು ಸುಟ್ಟಾಗ ಬರುವ ಕಮಟು ವಾಸನೆಯಲ್ಲಿ ಈ ಗಂಧಕದ ಪಾಲೂ ಇದೆ.

ಕೂದಲನ್ನೂ ಕೋಳಿ, ಬಾತುಕೋಳಿಗಳ ಪುಕ್ಕವನ್ನೂ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ ಸಿಸ್ಟೀನನ್ನು ಬೇರ್ಪಡಿಸುವುದು ಹಳೆಯ ಕೈಗಾರಿಕಾ ವಿಧಾನ. ಈಗ ಬ್ಯಾಕ್ಟೀರಿಯಾಗಳಿಂದ ಹುದುಗಿಸಿಯೂ ತಯಾರಿಸುತ್ತಾರೆ. ಬ್ರೆಡ್ಡಿನ ಹಿಟ್ಟನ್ನು ಮೆದುವಾಗಿಸಲು ಬಳಸುವ ಈ ವಸ್ತು ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ವೇಷ ತೊಟ್ಟಿದೆ. 'ಕುಡಿಯುವ ಮೊದಲು ಒಂದು, ಮಲಗುವ ಮುನ್ನ ಒಂದು ನುಂಗಿ, ಬೆಳಿಗ್ಗೆ ಹ್ಯಾಂಗೋವರ್ ಇಲ್ಲ' ಎಂಬ ಧಾಟಿಯ ಜಾಹೀರಾತಿನೊಡನೆ ಸಿಸ್ಟೀನ್ ಮತ್ತು ಅದರ ಸೋದರ ಸಂಯುಕ್ತವಾದ ಎನ್-ಅಸಿಟೈಲ್‌ಸಿಸ್ಟೀನ್ ಮಾತ್ರೆಗಳು ಮಾರಾಟವಾಗುತ್ತಿವೆ. ಈ ಮಾತ್ರೆಗಳ ಹಿಂದೆ ವಿಜ್ಞಾನ ಇದೆಯೇ? ಇದೆ. ಆದರೆ ಜಾಹೀರಾತು ಹೇಳುವಷ್ಟು ಇಲ್ಲ. ಅದು ಹೇಳದಿರುವ ಕೆಲವು ಸಂಗತಿಗಳೂ ಇವೆ.

ಮೊದಲು ಒಂದು ಪ್ರಯೋಗ

ಸಿಸ್ಟೀನಿನ ಗಂಧಕವನ್ನು ಪದವಿಪೂರ್ವ ಕಾಲೇಜಿನ ಪ್ರಯೋಗಾಲಯದಲ್ಲೇ ತೋರಿಸಬಹುದು. ಒಂದು ಪ್ರನಾಳದಲ್ಲಿ ಸ್ವಲ್ಪ ಕೂದಲು, ಇನ್ನೊಂದರಲ್ಲಿ ಬಣ್ಣ ಹಾಕದ ರೇಷ್ಮೆ ನೂಲು ತೆಗೆದುಕೊಳ್ಳಿ. ಎರಡಕ್ಕೂ ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಕೆಲವು ನಿಮಿಷ ಎಚ್ಚರಿಕೆಯಿಂದ ಕಾಯಿಸಿ. ನಂತರ ಕೆಲವು ತೊಟ್ಟು ಲೆಡ್ ಅಸಿಟೇಟ್ ದ್ರಾವಣ ಸೇರಿಸಿ. ಕೂದಲಿದ್ದ ಪ್ರನಾಳ ಕಂದಾಗಿ, ಕಪ್ಪಾಗುತ್ತದೆ. ಕ್ಷಾರದ ಕಾವಿಗೆ ಬಿಡುಗಡೆಯಾದ ಗಂಧಕವು ಸೀಸದೊಡನೆ ಸೇರಿ ಕಪ್ಪು ಲೆಡ್ ಸಲ್ಫೈಡ್ ಆದದ್ದೇ ಇದಕ್ಕೆ ಕಾರಣ. ರೇಷ್ಮೆಯಿದ್ದ ಪ್ರನಾಳ ಹಾಗೆ ಕಪ್ಪಾಗುವುದಿಲ್ಲ.

ಇದನ್ನು ಶಿಕ್ಷಕರೇ ಕನ್ನಡಕ ಧರಿಸಿ ಮಾಡಿ ತೋರಿಸುವುದು ಒಳ್ಳೆಯದು. ಬಿಸಿ ಕ್ಷಾರ ಕಣ್ಣಿಗೆ ಸಿಡಿದರೆ ಅಪಾಯ. ಸೀಸದ ಲವಣ ವಿಷ. ಉಳಿದ ದ್ರಾವಣವನ್ನು ಚರಂಡಿಗೆ ಸುರಿಯದೆ ಬೇರೆ ಬಾಟಲಿಯಲ್ಲಿ ತೆಗೆದಿಡಿ.

ಕಪ್ಪು ಬಣ್ಣ ಕೊಟ್ಟ ಆ ಗಂಧಕದ ಪರಮಾಣುವೇ ನಮ್ಮ ಕತೆಯ ನಾಯಕ. ಸಿಸ್ಟೀನಿನಲ್ಲಿ ಅದು ಒಂದು ಜಲಜನಕದ ಪರಮಾಣುವಿನೊಡನೆ ಜೋಡಿಯಾಗಿರುತ್ತದೆ. ಈ ಜೋಡಿಗೆ ಥಯಾಲ್ ಗುಂಪು ಎಂದು ಹೆಸರು. ಅದು ಬಹಳ ಚುರುಕು. ಹತ್ತಿರ ಬಂದ ಹಲವು ಅಣುಗಳನ್ನು ಹಿಡಿದುಕೊಳ್ಳುವ ಗುಣ ಅದಕ್ಕಿದೆ.

ಮದ್ಯ ದೇಹದಲ್ಲಿ ಏನಾಗುತ್ತದೆ?

ಕುಡಿದ ಮದ್ಯದ ಬಹುಪಾಲು ಯಕೃತ್ತಿನಲ್ಲಿ ಎರಡು ಹೆಜ್ಜೆಗಳಲ್ಲಿ ಬದಲಾಗುತ್ತದೆ. ಮೊದಲ ಹೆಜ್ಜೆಯಲ್ಲಿ ಆಲ್ಕೊಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಇಥನಾಲನ್ನು ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸುತ್ತದೆ. ಎರಡನೆಯ ಹೆಜ್ಜೆಯಲ್ಲಿ ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಕಿಣ್ವ ಅದನ್ನು ಅಸಿಟೇಟ್ ಮಾಡುತ್ತದೆ. ಅಸಿಟೇಟ್ ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೊರಬೀಳುತ್ತದೆ.

ನಡುವಿನ ಅಸಿಟಾಲ್ಡಿಹೈಡ್ ಇವುಗಳಲ್ಲಿ ಕೆಟ್ಟದ್ದು. ಅದು ಪ್ರೋಟೀನುಗಳಿಗೂ ಡಿಎನ್‌ಎಗೂ ಅಂಟಿಕೊಳ್ಳುತ್ತದೆ. ಮದ್ಯ ಸೇವನೆಯೊಂದಿಗೆ ದೇಹದಲ್ಲಿ ಉಂಟಾಗುವ ಅಸಿಟಾಲ್ಡಿಹೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಂ ಮಾತ್ರೆಯು ಎರಡನೆಯ ಕಿಣ್ವವನ್ನು ತಡೆಯುತ್ತದೆ. ಆ ಮಾತ್ರೆ ನುಂಗಿದವರು ಕುಡಿದರೆ ಅಸಿಟಾಲ್ಡಿಹೈಡ್ ಶೇಖರವಾಗಿ ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ. ರಕ್ತದೊತ್ತಡ ಕುಸಿದು ಪ್ರಾಣಕ್ಕೂ ಸಂಚಕಾರ ಬರಬಹುದು. ಆದ್ದರಿಂದಲೇ ಅದನ್ನು ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಬಾರದು.

ಗಂಧಕಕ್ಕೆ ಇಲ್ಲೇನು ಕೆಲಸ?

ಸಿಸ್ಟೀನಿನ ಥಯಾಲ್ ಗುಂಪು ಅಸಿಟಾಲ್ಡಿಹೈಡನ್ನು ಹಿಡಿದು ಒಂದು ಉಂಗುರದಾಕಾರದ ಅಣುವನ್ನು ಕಟ್ಟುತ್ತದೆ. ಹಾಗೆ ಬಂಧಿತವಾದ ಅಸಿಟಾಲ್ಡಿಹೈಡ್ ಅಷ್ಟು ಅಪಾಯಕಾರಿಯಲ್ಲ. 1974ರಲ್ಲಿ ಅಮೆರಿಕದ ಹರ್ಬರ್ಟ್ ಸ್ಪ್ರಿನ್ಸ್ ಮತ್ತು ಸಂಗಡಿಗರು ಇಲಿಗಳಿಗೆ ಮೊದಲೇ ಸಿಸ್ಟೀನ್ ಕೊಟ್ಟು, ಆಮೇಲೆ ಸಾಯುವಷ್ಟು ಪ್ರಮಾಣದ ಅಸಿಟಾಲ್ಡಿಹೈಡ್ ಕೊಟ್ಟರು. ಸಿಸ್ಟೀನ್ ಪಡೆದ ಇಲಿಗಳಲ್ಲಿ ಹೆಚ್ಚಿನವು ಬದುಕಿಕೊಂಡವು. ಈಗಿನ ಮಾತ್ರೆಗಳ ಮೂಲ ಈ ಪ್ರಯೋಗದಲ್ಲಿದೆ.

ಸಿಸ್ಟೀನಿಗೆ ಇನ್ನೊಂದು ಕೆಲಸವೂ ಇದೆ. ಗ್ಲುಟಾಮಿಕ್ ಆಮ್ಲ, ಸಿಸ್ಟೀನ್, ಗ್ಲೈಸೀನ್ ಈ ಮೂರೂ ಸೇರಿ ಗ್ಲುಟಾಥಯೋನ್ ಎಂಬ ಪುಟ್ಟ ಅಣು ಆಗುತ್ತದೆ. ಜೀವಕೋಶಗಳನ್ನು ಉತ್ಕರ್ಷಣದ ಹಾನಿಯಿಂದ ಕಾಯುವ ಕಾವಲುಗಾರ ಇದು. ಹೆಚ್ಚು ಕುಡಿದಾಗ ಯಕೃತ್ತಿನಲ್ಲಿ ಗ್ಲುಟಾಥಯೋನ್ ಕಡಿಮೆಯಾಗುತ್ತದೆ. ಸಿಸ್ಟೀನ್ ಒದಗಿಸಿದರೆ ಅದು ಮತ್ತೆ ತುಂಬಿಕೊಳ್ಳಬಹುದು ಎಂಬುದು ಎರಡನೆಯ ವಾದ.

ಎರಡೂ ವಾದಗಳು ರಸಾಯನ ವಿಜ್ಞಾನದ ಮಟ್ಟಿಗೆ ಸರಿ. ಆದರೆ ಪ್ರಮಾಣ ಎಷ್ಟು?

ಈಗ ಲೆಕ್ಕ ಮಾಡಿ

ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಗಾತ್ರದ ಲೆಕ್ಕದಲ್ಲಿ ಶೇ. 42.8 ಇಥನಾಲ್ ಇರುತ್ತದೆ. ಒಂದು ಕ್ವಾರ್ಟರ್ ಎಂದರೆ 180 ಮಿ.ಲೀ. ಅದರಲ್ಲಿ ಇಥನಾಲ್ ಸುಮಾರು 77 ಮಿ.ಲೀ. ಇಥನಾಲಿನ ಸಾಂದ್ರತೆ 0.789. ಆದ್ದರಿಂದ ತೂಕ ಸುಮಾರು 61 ಗ್ರಾಂ. ಅಣುತೂಕ 46ರಿಂದ ಭಾಗಿಸಿದರೆ ಸುಮಾರು 1.3 ಮೋಲ್. ಒಂದು ಇಥನಾಲ್ ಅಣುವಿನಿಂದ ಒಂದು ಅಸಿಟಾಲ್ಡಿಹೈಡ್ ಅಣು ಹುಟ್ಟುವುದರಿಂದ ರಾತ್ರಿಯಿಡೀ ದೇಹದಲ್ಲಿ ಹುಟ್ಟಿ ಕರಗುವ ಅಸಿಟಾಲ್ಡಿಹೈಡ್ ಕೂಡ ಹೆಚ್ಚುಕಡಿಮೆ ಅಷ್ಟೇ.

ಇನ್ನು ಮಾತ್ರೆ. ಸಿಸ್ಟೀನಿನ ಅಣುತೂಕ 121. ದೊಡ್ಡ ಪ್ರಮಾಣವೆನಿಸುವ 1,200 ಮಿ.ಗ್ರಾಂ ನುಂಗಿದರೂ ಅದು 0.01 ಮೋಲ್ ಮಾತ್ರ. ಒಂದು ಸಿಸ್ಟೀನ್ ಅಣು ಹಿಡಿಯಬಲ್ಲದ್ದು ಒಂದು ಅಸಿಟಾಲ್ಡಿಹೈಡ್ ಅಣುವನ್ನು. ಅಂದರೆ ನುಂಗಿದ ಸಿಸ್ಟೀನೆಲ್ಲ ಬೇರಾವ ಕೆಲಸಕ್ಕೂ ಹೋಗದೆ ಇದಕ್ಕೇ ಮೀಸಲಾದರೂ ನೂರರಲ್ಲಿ ಒಂದು ಪಾಲನ್ನೂ ಹಿಡಿಯಲಾರದು. ಎಲ್ಲವನ್ನೂ ಹಿಡಿಯಬೇಕಾದರೆ ಸುಮಾರು 160 ಗ್ರಾಂ ಸಿಸ್ಟೀನ್ ಬೇಕು. ಹೋಲಿಕೆಗೆ, ಒಂದು ಕೋಳಿಮೊಟ್ಟೆಯಲ್ಲಿರುವುದು ಸುಮಾರು 0.14 ಗ್ರಾಂ.

ಇಲ್ಲೊಂದು ಮಾತು ಸೇರಿಸಬೇಕು. ಹುಟ್ಟಿದ ಅಸಿಟಾಲ್ಡಿಹೈಡ್ ಎಲ್ಲವೂ ಒಮ್ಮೆಗೇ ರಕ್ತದಲ್ಲಿ ತೇಲುವುದಿಲ್ಲ. ಯಕೃತ್ತಿನ ಕಿಣ್ವವೇ ಬಹುತೇಕ ಎಲ್ಲವನ್ನೂ ಕೂಡಲೇ ಮುಗಿಸುತ್ತದೆ. ಆದ್ದರಿಂದ ಬಾಯಿಯ ಜೊಲ್ಲು ಅಥವಾ ಜಠರದಂಥ ಒಂದು ಜಾಗದಲ್ಲಿ ಸ್ವಲ್ಪ ಸಿಸ್ಟೀನ್ ಸ್ವಲ್ಪ ಅಸಿಟಾಲ್ಡಿಹೈಡನ್ನು ಹಿಡಿಯುವುದು ಸಾಧ್ಯ. ಆದರೆ 'ಕುಡಿದದ್ದನ್ನೆಲ್ಲ ಮಾತ್ರೆ ತೊಳೆದುಹಾಕುತ್ತದೆ' ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಇಥನಾಲನ್ನು ಕರಗಿಸುತ್ತದೆ. 61 ಗ್ರಾಂ ಕರಗಲು 6ರಿಂದ 9 ಗಂಟೆ ಬೇಕು. ಸಿಸ್ಟೀನ್ ಈ ಗಡಿಯಾರವನ್ನು ಮುಂದೆ ತಳ್ಳುವುದಿಲ್ಲ. ಮಾತ್ರೆ ನುಂಗಿದ ಧೈರ್ಯದಿಂದ ಬೈಕ್ ಹತ್ತುವವರು ಇದನ್ನು ನೆನಪಿಡಬೇಕು.

ಮನುಷ್ಯರ ಮೇಲಿನ ಪರೀಕ್ಷೆಗಳು

2020ರಲ್ಲಿ ಫಿನ್ಲೆಂಡಿನಿಂದ ಒಂದು ವರದಿ ಬಂದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. 1,200 ಮಿ.ಗ್ರಾಂ ಸಿಸ್ಟೀನ್ ತಲೆನೋವು, ವಾಕರಿಕೆಗಳನ್ನು ತಗ್ಗಿಸಿತು ಎಂಬುದು ಅದರ ಸಾರ. ಆದರೆ ಪರೀಕ್ಷೆಗೆ ಒಳಗಾದವರು 19 ಗಂಡಸರು ಮಾತ್ರ. ಇಷ್ಟು ಸಣ್ಣ ಗುಂಪಿನ ಫಲಿತಾಂಶವನ್ನು ನಂಬಿ ಮದ್ದೆಂದು ಕರೆಯುವಂತಿಲ್ಲ. 2021ರಲ್ಲಿ ಅಮೆರಿಕದಲ್ಲಿ 49 ಜನರ ಮೇಲೆ ಎನ್-ಅಸಿಟೈಲ್‌ಸಿಸ್ಟೀನನ್ನು ಪರೀಕ್ಷಿಸಿದಾಗ ಮಾತ್ರೆ ಪಡೆದಾಗಲೂ ಹುಸಿಮಾತ್ರೆ ಪಡೆದಾಗಲೂ ಒಟ್ಟು ತೊಂದರೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಹೆಂಗಸರಲ್ಲಿ ಮಾತ್ರ ವಾಕರಿಕೆ, ನಿಶ್ಶಕ್ತಿ ಸ್ವಲ್ಪ ಕಡಿಮೆ ಕಂಡವು.

2022ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಹ್ಯಾಂಗೋವರ್ ಮದ್ದುಗಳ ಬಗೆಗಿನ 21 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡಿದರು. ಅವುಗಳಲ್ಲಿ ಭಾಗವಹಿಸಿದವರು ಒಟ್ಟು 386 ಜನ. ಎಲ್ಲ ಪುರಾವೆಯೂ ಅತಿ ಕಡಿಮೆ ಗುಣಮಟ್ಟದ್ದು ಎಂದು ಅವರು ತೀರ್ಮಾನಿಸಿದರು. ಒಂದು ಮದ್ದಿನ ಫಲಿತಾಂಶವನ್ನು ಇನ್ನೊಂದು ಗುಂಪು ಸ್ವತಂತ್ರವಾಗಿ ಮತ್ತೆ ಮಾಡಿ ತೋರಿಸಿದ್ದೇ ಇರಲಿಲ್ಲ. ಒಬ್ಬರು ಕಂಡದ್ದನ್ನು ಇನ್ನೊಬ್ಬರೂ ಕಾಣಬೇಕು ಎಂಬುದು ವಿಜ್ಞಾನದ ಮೊದಲ ಪಾಠ ಅಲ್ಲವೇ?

ಪರಿಣಾಮ ಏಕೆ ಇಷ್ಟು ಮಸುಕು? ಹ್ಯಾಂಗೋವರ್‌ಗೆ ಒಂದೇ ಕಾರಣವಿಲ್ಲ. ಮೂತ್ರ ಹೆಚ್ಚಾಗಿ ನೀರು ಕಡಿಮೆಯಾಗುತ್ತದೆ, ನಿದ್ದೆ ಕೆಡುತ್ತದೆ, ಜಠರದ ಒಳಪದರ ಕೆರಳುತ್ತದೆ, ರೋಗನಿರೋಧಕ ವ್ಯವಸ್ಥೆಯೂ ಕೆರಳಿ ಉರಿಯೂತದ ರಾಸಾಯನಿಕಗಳು ಹೆಚ್ಚುತ್ತವೆ. ರಕ್ತದಲ್ಲಿ ಮದ್ಯ ಸೊನ್ನೆಗೆ ಇಳಿಯುವ ಹೊತ್ತಿಗೆ ತೊಂದರೆ ಅತಿ ಹೆಚ್ಚು. ಅಷ್ಟು ಹೊತ್ತಿಗೆ ಅಸಿಟಾಲ್ಡಿಹೈಡ್ ಕೂಡ ಬಹುಪಾಲು ಹೋಗಿರುತ್ತದೆ. ಕಳ್ಳ ಓಡಿಹೋದ ಮೇಲೆ ಬಾಗಿಲಿಗೆ ಬೀಗ ಹಾಕಿದಂತೆ ಬೆಳಿಗ್ಗೆಯ ಮಾತ್ರೆ!

ನಿರೀಕ್ಷಿಸದ ಪರಿಣಾಮಗಳು

ಉಪಯೋಗವಿಲ್ಲದಿದ್ದರೂ ತೊಂದರೆಯೇನಿಲ್ಲವಲ್ಲ ಎಂದು ನೀವು ಕೇಳಬಹುದು. ಇಲ್ಲಿಯೇ ಎಚ್ಚರ ಬೇಕು.

ಮೊದಲನೆಯದು ಹೊತ್ತಿನ ಪ್ರಶ್ನೆ. 2006ರಲ್ಲಿ ಚೀನಾದ ಸಂಶೋಧಕರು ಇಲಿಮರಿ ಗಾತ್ರದ ಪ್ರಯೋಗಾಲಯದ ಮೂಷಿಕಗಳಿಗೆ ಮದ್ಯ ಕೊಡುವ ಮೊದಲು ಎನ್-ಅಸಿಟೈಲ್‌ಸಿಸ್ಟೀನ್ ಕೊಟ್ಟಾಗ ಯಕೃತ್ತಿನ ಹಾನಿ ಕಡಿಮೆಯಾಯಿತು. ಮದ್ಯ ಕೊಟ್ಟ ನಂತರ ಅದೇ ವಸ್ತುವನ್ನು ಕೊಟ್ಟಾಗ ಹಾನಿ ಕಡಿಮೆಯಾಗುವ ಬದಲು ಹೆಚ್ಚಾಯಿತು. ಉತ್ಕರ್ಷಣವನ್ನು ತಡೆಯುವ ಥಯಾಲ್ ಗುಂಪು ಸನ್ನಿವೇಶ ಬದಲಾದಾಗ ಉತ್ಕರ್ಷಣಕ್ಕೆ ಕುಮ್ಮಕ್ಕನ್ನೂ ಕೊಡಬಲ್ಲದು. ಮೂಷಿಕದಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲೂ ಆಗುತ್ತದೆ ಎಂದಲ್ಲ. ಆದರೆ ಜನ ಈ ಮಾತ್ರೆಯನ್ನು ಹುಡುಕುವುದು ಸಾಮಾನ್ಯವಾಗಿ ಕುಡಿದ ಮೇಲೆಯೇ ಎಂಬುದನ್ನು ಗಮನಿಸಿ.

ಎರಡನೆಯದು ಪ್ಯಾರಸಿಟಮಾಲ್. ಎನ್-ಅಸಿಟೈಲ್‌ಸಿಸ್ಟೀನ್ ನಿಜಕ್ಕೂ ಜೀವ ಉಳಿಸುವ ಮದ್ದು. ಪ್ಯಾರಸಿಟಮಾಲನ್ನು ಅತಿಯಾಗಿ ನುಂಗಿದವರಿಗೆ ಆಸ್ಪತ್ರೆಯಲ್ಲಿ ಅದನ್ನೇ ಕೊಡುತ್ತಾರೆ. ಎಂಟು ಗಂಟೆಗಳೊಳಗೆ ಕೊಟ್ಟರೆ ಫಲ ಅತ್ಯುತ್ತಮ. ಅದು ಗ್ಲುಟಾಥಯೋನನ್ನು ಮತ್ತೆ ತುಂಬಿಸಿ ಯಕೃತ್ತನ್ನು ಕಾಪಾಡುತ್ತದೆ. ಆದರೆ ಅಲ್ಲಿ ಪ್ರಮಾಣವನ್ನು ದೇಹದ ತೂಕ ನೋಡಿ ನಿರ್ಧರಿಸುತ್ತಾರೆ, ರಕ್ತ ಪರೀಕ್ಷೆ ನಡೆಯುತ್ತದೆ, ನರದ ಮೂಲಕ ಕೊಡುವಾಗ ಮೈ ಕೆಂಪೇರುವುದು, ತುರಿಕೆ, ಉಬ್ಬಸ ಬಂದರೆ ನೋಡಿಕೊಳ್ಳಲು ದಾದಿಯರಿರುತ್ತಾರೆ. ದಿನವೂ ಕುಡಿಯುವವರ ಯಕೃತ್ತಿನಲ್ಲಿ ಗ್ಲುಟಾಥಯೋನ್ ಕಡಿಮೆ, ಪ್ಯಾರಸಿಟಮಾಲನ್ನು ವಿಷವಾಗಿಸುವ ಕಿಣ್ವ ಹೆಚ್ಚು. ಅಂಥವರು 'ಸಿಸ್ಟೀನ್ ಇದೆಯಲ್ಲ' ಎಂದು ತಲೆನೋವಿಗೆ ಮಾತ್ರೆಯ ಮೇಲೆ ಮಾತ್ರೆ ನುಂಗಿದರೆ ಅಪಾಯವನ್ನು ತಾವೇ ಕರೆದುಕೊಂಡಂತೆ.

ಮೂರನೆಯದು ಶುದ್ಧತೆ. 1989ರಲ್ಲಿ ಅಮೆರಿಕದಲ್ಲಿ ನಿದ್ದೆಗೆಂದು ಮಾರುತ್ತಿದ್ದ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದ ಮಾತ್ರೆ ನುಂಗಿದ ಸುಮಾರು 1,500 ಜನ ವಿಚಿತ್ರ ಸ್ನಾಯುನೋವಿನ ಕಾಯಿಲೆಗೆ ಒಳಗಾದರು. 30ಕ್ಕೂ ಹೆಚ್ಚು ಜನ ಸತ್ತರು. ಜಪಾನಿನ ಒಬ್ಬ ತಯಾರಕರ ಸರಕಿನಲ್ಲಿದ್ದ ಕಲ್ಮಶಗಳತ್ತ ತನಿಖೆ ಬೊಟ್ಟು ಮಾಡಿತು. 'ಅಮೈನೊ ಆಮ್ಲ ತಾನೆ, ಊಟದಲ್ಲೂ ಇದೆ' ಎಂಬ ಮಾತು ಸಾಲದು ಎಂಬುದಕ್ಕೆ ಇದೊಂದು ದೊಡ್ಡ ನಿದರ್ಶನ. 2020ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹ್ಯಾಂಗೋವರ್ ವಾಸಿಮಾಡುತ್ತದೆ ಎಂದು ಇಂಥ ಸರಕನ್ನು ಮಾರುತ್ತಿದ್ದ ಏಳು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ನಮ್ಮ ದೇಶದ ನಿಯಮಗಳಂತೆಯೂ ಆಹಾರ ಪೂರಕವು ರೋಗ ವಾಸಿಮಾಡುತ್ತದೆ ಎಂದು ಹೇಳಿಕೊಳ್ಳುವಂತಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಕಳೆದುಹೋಗುವ ಸಮಯ. ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಿಂದ ನಿಂತಿತು. ಮರುವರ್ಷ ಮೇ ತಿಂಗಳಿನಲ್ಲಿ ಬೆಂಗಳೂರು, ಕೋಲಾರ ಮತ್ತು ನೆರೆಯ ತಮಿಳುನಾಡಿನ ಕೃಷ್ಣಗಿರಿಯ ಕಡೆ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಮೆಥನಾಲನ್ನೂ ಅದೇ ಕಿಣ್ವಗಳು ಒಡೆಯುತ್ತವೆ. ಆದರೆ ಹುಟ್ಟುವುದು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ. ಇದು ನಿಧಾನವಾಗಿ ಕೂಡಿಕೊಳ್ಳುವುದರಿಂದ ವಿಷದ ಲಕ್ಷಣಗಳು ತೋರಲು ಸಾಮಾನ್ಯವಾಗಿ 12ರಿಂದ 24 ಗಂಟೆ ಬೇಕು. ಸರಿಯಾಗಿ ಮರುದಿನ! ತಲೆನೋವು, ವಾಂತಿ, ಹೊಟ್ಟೆನೋವು, ತಲೆಸುತ್ತು. 'ನಿನ್ನೆ ಜಾಸ್ತಿಯಾಯಿತು' ಎಂದು ಮಾತ್ರೆ ನುಂಗಿ ಮಲಗಿದರೆ ಕಣ್ಣು ಮಂಜಾಗುವ ಹೊತ್ತಿಗೆ ತಡವಾಗಿರುತ್ತದೆ. ಇದಕ್ಕೆ ಬೇಕಾದದ್ದು ಮೊದಲ ಕಿಣ್ವವನ್ನು ತಡೆಯುವ ಔಷಧ ಮತ್ತು ಡಯಾಲಿಸಿಸ್. ಸಿಸ್ಟೀನ್ ಇದಕ್ಕೆ ಮದ್ದಲ್ಲ.

ವಾಂತಿ, ತಲೆಸುತ್ತು ಎಂಬ ಒಂದೇ ಮುಖವಾಡದ ಹಿಂದೆ ಬೇರೆ ಬೇರೆ ವಿಷಗಳು ಅಡಗಿರಬಹುದು ಎಂಬುದನ್ನು ಹನೂರು ತಾಲ್ಲೂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಮಾರಮ್ಮ ದೇವಸ್ಥಾನದಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಜನ ತೀರಿಕೊಂಡರು. ಅದು ಮದ್ಯದ ಘಟನೆಯಲ್ಲ. ಆದರೆ ಯಾವ ವಿಷವೆಂದು ಗುರುತಿಸಿ ತಕ್ಕ ಪ್ರತಿವಿಷ ಕೊಡುವುದರಲ್ಲಿ ಪ್ರತಿ ಗಂಟೆಗೂ ಬೆಲೆ ಇದೆ ಎಂಬ ಪಾಠ ಎರಡಕ್ಕೂ ಒಂದೇ. ಮಲೆ ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿ.ಮೀ. ಕಾಡುದಾರಿಯೂ ಇದೆ. ಅಂಥ ಕಡೆ ಒಂದು ಗಂಟೆ ಕಾದು ನೋಡುವುದೂ ದುಬಾರಿ.

ರೇಷ್ಮೆಯ ಪುಡಿ?

ಜಪಾನ್, ಕೊರಿಯಾಗಳಲ್ಲಿ ರೇಷ್ಮೆಯ ಫೈಬ್ರಾಯಿನನ್ನು ಒಡೆದು ಮಾಡಿದ ಪುಡಿಯನ್ನು ಆಹಾರ ಪೂರಕವಾಗಿ ಮಾರುತ್ತಾರೆ. ಮದ್ಯದ ತೊಂದರೆಗೂ ಅದು ಒಳ್ಳೆಯದೆಂಬ ಪ್ರಚಾರವಿದೆ. ಅದರಲ್ಲಿ ಸಿಸ್ಟೀನ್ ಇಲ್ಲ ಎಂಬುದನ್ನು ನಮ್ಮ ಪ್ರನಾಳವೇ ತೋರಿಸಿದೆ. ಅದರ ಪರ ಹೇಳುವ ವಾದ ಅಲನೀನಿನದು. ಅಲನೀನ್ ದೇಹದಲ್ಲಿ ಪೈರುವೇಟ್ ಆಗಿ, ಮದ್ಯ ಒಡೆಯಲು ಬೇಕಾದ ಎನ್‌ಎಡಿ ಎಂಬ ಸಹಕಿಣ್ವವನ್ನು ಮರಳಿ ಒದಗಿಸಬಲ್ಲದು. ವಾದವೇನೋ ಚೆನ್ನಾಗಿದೆ. ಆದರೆ ಮೇಲಿನ ಹಾಗೆಯೇ ಇದಕ್ಕೂ ಮೋಲ್ ಲೆಕ್ಕ ಹಾಕಿ ನೋಡುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಬಿಡಬಹುದು. ಅಲನೀನಿನ ಅಣುತೂಕ 89. ಒಂದು ಚಮಚ, ಅಂದರೆ 5 ಗ್ರಾಂ ಪುಡಿಯಲ್ಲಿ ಮೂರನೆಯ ಒಂದು ಪಾಲು ಅಲನೀನ್ ಎಂದು ಇಟ್ಟುಕೊಳ್ಳಿ.

ಹಾಗಾದರೆ ಏನು ಮಾಡಬೇಕು?

ನೀರು, ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ವಿಶ್ರಾಂತಿ ಇವು ಬಾಯಾರಿಕೆ, ನಿಶ್ಶಕ್ತಿಗಳನ್ನು ತಗ್ಗಿಸುತ್ತವೆ. ಮದ್ಯವನ್ನು ಬೇಗ ಕರಗಿಸುವುದಿಲ್ಲ. ಕುಡಿದವರಿಗೆ ಕಣ್ಣು ಮಂಜಾದರೆ, ಉಸಿರಾಟ ಜೋರಾದರೆ ಅಥವಾ ನಿಧಾನವಾದರೆ, ವಾಂತಿ ನಿಲ್ಲದಿದ್ದರೆ, ಕೂಗಿದರೆ ಎಚ್ಚರಗೊಳ್ಳದಿದ್ದರೆ, ಒಂದೇ ಕಡೆ ಕುಡಿದ ಇಬ್ಬರು ಮೂವರಿಗೆ ಹೀಗಾದರೆ ಅದನ್ನು ಹ್ಯಾಂಗೋವರ್ ಎನ್ನಬೇಡಿ. 108ಕ್ಕೆ ಫೋನ್ ಮಾಡಿ. ಎಚ್ಚರವಿಲ್ಲದವರನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನನ್ನೂ ಹಾಕಬೇಡಿ.

ತರಗತಿಯಲ್ಲಿ ಕುಡಿತದ ಬಗೆಗೆ ಮಾತನಾಡಲು ಶಿಕ್ಷಕರು ಹಿಂಜರಿಯುತ್ತಾರೆ. ಉಪದೇಶವೆಂದರೆ ಹುಡುಗರು ಕಿವಿ ಮುಚ್ಚಿಕೊಳ್ಳುತ್ತಾರೆ. ಉಪದೇಶ ಬೇಡ, ಕಪ್ಪು ಹಲಗೆಯ ಮೇಲೆ ಎರಡು ಸಂಖ್ಯೆ ಬರೆಯಿರಿ: 1.3 ಮೋಲ್, 0.01 ಮೋಲ್. ಉಳಿದದ್ದನ್ನು ಅವರೇ ಹೇಳುತ್ತಾರೆ. ಮನೆಯಲ್ಲಿ ಕುಡಿಯುವ ಅಪ್ಪನೋ ಅಣ್ಣನೋ ಇರುವ ಮಗುವಿಗೆ ಆ ಎರಡು ಸಂಖ್ಯೆಗಳಿಗಿಂತ ಮೇಲಿನ ಅಪಾಯದ ಲಕ್ಷಣಗಳ ಪಟ್ಟಿ ಹೆಚ್ಚು ಮುಖ್ಯ. ಅದನ್ನೂ ಹಲಗೆಯ ಮೇಲೆ ಬರೆಯುವುದನ್ನು ಮರೆಯಬೇಡಿ.